ನಾಲ್ಕನೇ ಸೀಟಿನ ಅನಸೂಯಕ್ಕ

ಅನಸೂಯಕ್ಕ ಯಾವ ಕುರ್ಚಿಯಲ್ಲಿ ಕೂತರೂ ಅರ್ಧ ಕುರ್ಚಿಯಲ್ಲಿ ಮಾತ್ರ ಕೂರುತ್ತಿದ್ದರು. ಮನೆಯ ಸೋಫಾ ಇರಲಿ, ಆಫೀಸಿನ ತಿರುಗುಕುರ್ಚಿ ಇರಲಿ, ಮದುವೆ ಹಾಲಿನ ಪ್ಲಾಸ್ಟಿಕ್ ಕುರ್ಚಿ ಇರಲಿ, ಬೆನ್ನು ಒರಗಿಸದೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಂದು ಗೇಣು ಜಾಗ ಖಾಲಿ ಬಿಟ್ಟು ಕೂರುವುದು ಅವರ ರೂಢಿ. ಹೊಸದಾಗಿ ಕಂಡವರು ಅದನ್ನು ಸಂಕೋಚವೆಂದು ತಿಳಿಯುತ್ತಿದ್ದರು. ಹೊರಡುವ ಅವಸರ ಇರಬೇಕೆಂದು ಕೆಲವರು ಬೇಗ ಮಾತು ಮುಗಿಸುತ್ತಿದ್ದರು. ಡೊಂಬಿವಲಿಯಿಂದ ಠಾಣೆಗೆ ವರ್ಷಗಟ್ಟಲೆ ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡಿದವರಿಗೆ ಮಾತ್ರ ಅದರ ಮೂಲ ಗೊತ್ತಾಗುತ್ತಿತ್ತು. ಮೂವರಿಗೆಂದು ಮಾಡಿದ ಬೆಂಚಿನ ಬಳಿ ನಾಲ್ಕನೆಯವರು ಬಂದು ನಿಂತಾಗ ಮೂವರೂ ಒಂದಿಷ್ಟು ಸರಿದು ಅರ್ಧ ಜಾಗ ಮಾಡಿಕೊಡುವುದು ಇಲ್ಲಿನ ಪದ್ಧತಿ. ಆ ಅರ್ಧ ಜಾಗಕ್ಕೆ 'ಚೌಥೀ ಸೀಟ್' ಎನ್ನುತ್ತಾರೆ. ಅನಸೂಯಕ್ಕ ಆ ನಾಲ್ಕನೇ ಸೀಟನ್ನು ರೈಲಿನಿಂದ ಇಳಿದ ಮೇಲೂ ಜೊತೆಯಲ್ಲಿ ಒಯ್ಯುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ೨೦೦೯ರ ಚಳಿಗಾಲದ ಒಂದು ಭಾನುವಾರ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಒಬ್ಬ ಸಣ್ಣ ಉದ್ಯಮಿ ತನ್ನ ವರ್ಕ್‌ಶಾಪಿನ ಮೇಲಿನ ಕೋಣೆಯನ್ನು ತಿಂಗಳಿಗೊಂದು ಭಾನುವಾರ ಕೆಲವರಿಗೆ ಬಿಟ್ಟುಕೊಡುತ್ತಿದ್ದ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಯಾರೂ ಒಡೆಯರಲ್ಲದ ತಂತ್ರಾಂಶ ಬರೆಯುವವರು ಅಲ್ಲಿ ಸೇರುತ್ತಾರೆಂದು ನಮ್ಮ ಆಫೀಸಿನ ಫಲಕದಲ್ಲಿ ಒಂದು ಚೀಟಿ ಅಂಟಿಸಿದ್ದರು. ಕಲಬುರಗಿ ಸೀಮೆಯ ಹಳ್ಳಿಯಿಂದ ಬಂದು ನವಿ ಮುಂಬಯಿಯ ಮಹಾಪೆಯಲ್ಲಿ ಪರೀಕ್ಷಕಿಯ ಕೆಲಸಕ್ಕೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಬೇರೆಯವರು ಬರೆದುದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಬರೆಯುವುದು ಹೇಗೆಂದು ಕಲಿಯುವ ಆಸೆಯಿಂದ ಹೋದೆ. ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಒಳಗೆ ಬೆಂಚುಗಳೆಲ್ಲ ತುಂಬಿದ್ದವು, ಎಲ್ಲರ ಮುಂದೂ ಲ್ಯಾಪ್‌ಟಾಪ್ ಇತ್ತು, ಎಲ್ಲರ ಕಾಲಲ್ಲೂ ಬೂಟು ಚಪ್ಪಲಿ ಇದ್ದವು. ನಾನು ಅಭ್ಯಾಸಬಲದಿಂದ ನನ್ನ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟಿದ್ದೆ. ಒಳಗೆ ಹೋಗುವುದೋ ಚಪ್ಪಲಿ ಮೆಟ್ಟಿ ಇಳಿದು ಹೋಗುವುದೋ ತಿಳಿಯದೆ ನಿಂತಿರುವಾಗ, ಕೊನೆಯ ಬೆಂಚಿನ ತುದಿಯಲ್ಲಿ, ಸೀರೆಯ ಮೇಲೆ ಗಂಡಸರ ಬೂದು ಬಣ್ಣದ ಸ್ವೆಟರ್ ತೊಟ್ಟಿದ್ದ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದರು.

"ಆಜಾ, ಆಜಾ. ಚೌಥೀ ಸೀಟ್ ಖಾಲೀ ಹೈ."

ಕೂತೆ. ಹೆಸರು ಕೇಳಿದರು. ಶರಣಬಸಮ್ಮ ಎಂದೆ.

"ಅಯ್ಯೋ, ಕನ್ನಡದೋರಾ! ಮತ್ತೆ ಚಪ್ಪಲಿ ಯಾಕ್ರೀ ಆಚೆ ಬಿಟ್ರಿ? ಇಲ್ಲಿ ಯಾವ ದೇವರೂ ಕೂತಿಲ್ಲ. ನೆಲ ತಣ್ಣಗಿದೆ, ಹೋಗಿ ಮೆಟ್ಕೊಂಡು ಬನ್ನಿ."

"ನಂಗೇನೂ ಬರಂಗಿಲ್ರಿ ಮೇಡಂ. ಸುಮ್ನ ನೋಡಾಕ ಬಂದೀನಿ."

"ನೋಡೋಕೆ ಬಂದೋರೇ ನಮಗೆ ಬೇಕಾಗಿರೋದು. ಒಂದು ಸಣ್ಣ ವಿಷ್ಯ ಹೇಳ್ತೀನಿ, ಎಲ್ಲಾ ಗೊತ್ತಿದೆ ಅಂತ ಬರೋರು ಒಂದೇ ಭಾನುವಾರ ಬರ್ತಾರೆ."

'ಒಂದು ಸಣ್ಣ ವಿಷ್ಯ' ಎಂಬುದು ಅವರ ಮಾತಿನ ಮೊದಲ ಮೆಟ್ಟಿಲು. ತಪ್ಪು ತೋರಿಸುವಾಗ, ಹೊಗಳುವಾಗ, ಕಷ್ಟದ ಕೆಲಸ ಹೇಳುವಾಗ, ರೈಲು ಅರ್ಧ ಗಂಟೆ ತಡವೆಂಬ ಸುದ್ದಿ ಕೊಡುವಾಗ, ಎಲ್ಲಕ್ಕೂ ಆ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಕೇಳುವವರ ಎದೆಯ ಭಾರವನ್ನು ಮೊದಲೇ ಇಳಿಸಿಬಿಡುವ ಒಂದು ದಯೆ ಆ ಮಾತಿನಲ್ಲಿ ಇದೆಯೆಂದು ನಾವೆಲ್ಲರೂ ನಂಬಿದ್ದೆವು. ಅವರೂ ನಂಬಿದ್ದರು.

ಅವರು ಮೈಸೂರಿನವರು. ಗಣಿತದ ಪದವೀಧರೆ. ಮದುವೆಯಾಗಿ ಡೊಂಬಿವಲಿಗೆ ಬಂದು, ಐರೋಲಿಯ ಒಂದು ಹಣಕಾಸು ಕಂಪನಿಯಲ್ಲಿ ಅಂಕಿ ತುಂಬುವ ಕೆಲಸಕ್ಕೆ ಸೇರಿ, ಪಕ್ಕದವರ ಪರದೆ ನೋಡಿ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತವರು. ಆ ಬೂದು ಸ್ವೆಟರ್ ಅವರ ಯಜಮಾನರದು. ಆಫೀಸಿನ ಎಸಿಯ ಚಳಿಗೆಂದು ತೊಟ್ಟದ್ದು ಮೈಗೆ ಅಂಟಿಕೊಂಡು, ಮೇ ತಿಂಗಳ ಸೆಕೆಯಲ್ಲೂ ತೋಳು ಮಡಚಿ ಹಾಕಿಕೊಂಡೇ ಇರುತ್ತಿದ್ದರು. ನಡಿಗೆಯಲ್ಲಿ ಎಡಭುಜ ಮುಂದೆ, ಹೆಜ್ಜೆ ಚಿಕ್ಕದು, ವೇಗ ಬಹಳ. ಸ್ಟೇಷನ್ನಿನ ಸೇತುವೆಯ ಜನಜಂಗುಳಿಯಲ್ಲಿ ದಾರಿ ಮಾಡಿಕೊಂಡು ಹೋಗುವವರ ನಡಿಗೆ ಅದು; ಖಾಲಿ ಪಡಸಾಲೆಯಲ್ಲೂ ಅವರು ಹಾಗೆಯೇ, ಕಾಣದ ಗುಂಪನ್ನು ಸೀಳುತ್ತ ಹೋಗುತ್ತಿದ್ದರು.

ಅವರ ಮೇಲ್ವಿಚಾರಣೆಯಲ್ಲಿದ್ದ ತಂತ್ರಾಂಶದ ಹೆಸರು 'ಪುಢಚಾ'. ಮರಾಠಿಯಲ್ಲಿ 'ಮುಂದಿನವರು' ಎಂದರ್ಥ. ಸರ್ಕಾರಿ ದವಾಖಾನೆಗಳಲ್ಲಿ ಬಾಗಿಲಿನವನು ರೋಗಿಗಳನ್ನು ಕರೆಯುವ ಕೂಗೇ ಹೆಸರಾಗಿತ್ತು. ಬಡ ಆಸ್ಪತ್ರೆಗಳಲ್ಲಿ ಬಂದವರಿಗೆ ನಂಬರಿನ ಚೀಟಿ ಕೊಟ್ಟು, ಸರದಿ ಬಂದಾಗ ಗೋಡೆಯ ಪರದೆಯ ಮೇಲೆ ಆ ನಂಬರು ತೋರಿಸುವುದು ಅದರ ಕೆಲಸ. ಧರ್ಮಾಸ್ಪತ್ರೆಗಳು ಅದನ್ನು ಪುಕ್ಕಟೆ ಬಳಸುತ್ತಿದ್ದವು. ಬರೆದವರಿಗೂ ಏನೂ ಸಿಗುತ್ತಿರಲಿಲ್ಲ. ಭಾನುವಾರದ ಚಹಾ ಮತ್ತು ವಡಾಪಾವ್ ಮಾತ್ರ.

ಆ ಗುಂಪಿನಲ್ಲಿ ಅನಸೂಯಕ್ಕ ಒಂದು ಪದ್ಧತಿ ಹಾಕಿದ್ದರು. ತಂತ್ರಾಂಶದಲ್ಲಿ ಸುಲಭವಾದ ದೋಷ ಕಂಡರೆ ಹಳಬರು ಯಾರೂ ಅದನ್ನು ಸರಿಪಡಿಸಕೂಡದು. ಅದರ ಮೇಲೆ 'ಸಣ್ಣ ಕೆಲಸ, ಹೊಸಬರಿಗೆ' ಎಂದು ಬರೆದು ಇಡಬೇಕು. ಹೊಸದಾಗಿ ಬಂದವರು 'ಇದು ನನಗಿರಲಿ' ಎಂದರೆ ಅದು ಅವರದು. ಮತ್ತೆ ಯಾರೂ ಮುಟ್ಟುವಂತಿಲ್ಲ. ರೈಲಿನ ಸೀಟಿಗೆ ರುಮಾಲು ಹಾಕಿದ ಹಾಗೆ. ನನ್ನ ಪಾಲಿಗೆ ಬಂದದ್ದು ಚೀಟಿಯಲ್ಲಿ ಆಸ್ಪತ್ರೆಯ ಉದ್ದ ಹೆಸರು ಅರ್ಧಕ್ಕೆ ಕತ್ತರಿಸಿ ಹೋಗುವ ದೋಷ. ಅನಸೂಯಕ್ಕ ಕೈ ಹಾಕಿದ್ದರೆ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ನಾನು ವಾರಗಟ್ಟಲೆ ಒದ್ದಾಡಿದೆ. ಬೆಳಗಿನ ರೈಲಿಗೆ ಕಲ್ಯಾಣದಲ್ಲಿ ಹತ್ತುತ್ತಿದ್ದ ನನಗೆ ಕೂರಲು ಜಾಗ ಸಿಗುತ್ತಿತ್ತು. ಅವರು ಡೊಂಬಿವಲಿಯಲ್ಲಿ ಹತ್ತಿ ನಮ್ಮ ಬೆಂಚಿನ ನಾಲ್ಕನೆಯವರಾಗಿ, ಒಂದು ಕಾಲು ಹೊರಗೆ ಚಾಚಿ ಕೂತು, ಠಾಣೆ ಬರುವತನಕ ನಾನು ಬರೆದುದನ್ನು ಓದುತ್ತಿದ್ದರು. ಉತ್ತರ ಹೇಳುತ್ತಿರಲಿಲ್ಲ. "ಒಂದು ಸಣ್ಣ ವಿಷ್ಯ ಶರಣಮ್ಮ, ಈ ಸಾಲು ಯಾಕೆ ಬೇಕು ಹೇಳಿ?" ಎನ್ನುತ್ತಿದ್ದರು. ನಮ್ಮವ್ವ ರೊಟ್ಟಿ ಬಡಿಯುವಾಗ ಕೊನೆಯ ಒಂದು ಉಂಡೆ ಹಿಟ್ಟನ್ನು ನನಗೆಂದು ಬಿಡುತ್ತಿದ್ದಳು. ನಾನು ಬಡಿದು, ನಕಾಶೆಯ ಹಾಗೆ ಹರಿದು ಮೂಲೆಮೂಲೆಯಾದ ಆ ರೊಟ್ಟಿಯನ್ನು ಅವಳೇ ತಿನ್ನುತ್ತಿದ್ದಳು. ಅನಸೂಯಕ್ಕನ ಪದ್ಧತಿ ನನಗೆ ಹೊಸದಾಗಿ ಕಾಣಲಿಲ್ಲ.

ಇಂಥ ಹಟ ಯಾಕೆಂದು ಒಮ್ಮೆ ಕೇಳಿದೆ. ಬಹಳ ಹಿಂದೆ, ಮನೆಯಲ್ಲಿ ಇನ್ನೂ ಇಂಟರ್‌ನೆಟ್ ಇಲ್ಲದ ದಿನಗಳಲ್ಲಿ, ಅವರು ಯಾವುದೋ ಪರದೇಶದವರ ತಂತ್ರಾಂಶದಲ್ಲಿ ಒಂದು ತಪ್ಪು ಕಂಡುಹಿಡಿದು, ಸರಿಪಡಿಸಿ, ಸೈಬರ್ ಕೆಫೆಯಿಂದ ಕಳಿಸಿದ್ದರಂತೆ. ಆಫೀಸು ಬಿಟ್ಟು ಬರುವಾಗಲೆಲ್ಲ ಆ ಕೆಫೆಗೆ ಹೊಕ್ಕು ಇ-ಮೇಲ್ ಪೆಟ್ಟಿಗೆ ತೆರೆದು ನೋಡಿದರೂ ತಿಂಗಳುಗಟ್ಟಲೆ ಉತ್ತರವಿರಲಿಲ್ಲ. ಕೊನೆಗೆ ಬಂದದ್ದು ಒಂದೇ ಸಾಲು: 'ಇದು ಆಗಲೇ ಸರಿಯಾಗಿದೆ.' "ಬೈದಿದ್ರೂ ಪರವಾಗಿರ್ಲಿಲ್ಲ ಶರಣಮ್ಮ. ಬಾಗಿಲು ತಟ್ಟಿದೋರಿಗೆ ಯಾರು ಅಂತಾದ್ರೂ ಕೇಳ್ಬೇಕಲ್ವಾ" ಎಂದರು. ಪುಢಚಾಕ್ಕೆ ಬಂದ ಪ್ರತಿಯೊಬ್ಬ ಹೊಸಬರ ಮೊದಲ ಪತ್ರಕ್ಕೆ ಮರುದಿನದೊಳಗೆ ಅವರ ಉತ್ತರ ಹೋಗುತ್ತಿತ್ತು. ಜ್ವರದಲ್ಲೂ ಬರೆದದ್ದುಂಟು, ಮೈದುನನ ಮದುವೆಯ ಮಂಟಪದಲ್ಲಿ, ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ಫೋನಿನಲ್ಲಿ ಬರೆದದ್ದೂ ಉಂಟು.

ಹೀಗೆ ಬಂದವರಲ್ಲಿ ಒಬ್ಬಳು ಮಾನಸಿ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಕಿಟ್ಟಣ್ಣನ ಮಗಳು. ಇಂಜಿನಿಯರಿಂಗ್ ಓದುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಮನೆಯ ತುಳು, ನಮ್ಮ ಕನ್ನಡ ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲಿ. ೨೦೧೩ರ ಬೇಸಿಗೆಗೆ ಮುಂಚೆ ಅವಳು ಒಂದು ದೋಷಕ್ಕೆ ರುಮಾಲು ಹಾಕಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಆಸ್ಪತ್ರೆಯವರು 'ವಿರಾಮ' ಎಂಬ ಗುಂಡಿ ಒತ್ತುತ್ತಿದ್ದರು. ಆ ವಿರಾಮದಲ್ಲಿ ಕೊಟ್ಟ ಚೀಟಿಗಳ ನಂಬರು ಆಮೇಲೆ ಪರದೆಯ ಮೇಲೆ ಬರುತ್ತಿರಲಿಲ್ಲ. ಬಾಗಿಲಿನವರು ಗಮನಿಸಿ ಬಾಯಿಂದಲೇ ಕರೆಯುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅನಸೂಯಕ್ಕ ಅದರ ಮೇಲೆ ಎಂದಿನಂತೆ 'ಸಣ್ಣ ಕೆಲಸ' ಎಂದು ಬರೆದಿದ್ದರು. ಮಾನಸಿ ಅರ್ಧ ಮಾಡಿ ಕಳಿಸಿದಳು; ಆಮೇಲೆ ಸದ್ದಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಚುರುಕಾದವನು ಬೆಂಗಳೂರಿನ ತರುಣ್. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡದಲ್ಲಿ ಮನೆ, ನಾಲಗೆಯೂ ಅಷ್ಟೇ ಎತ್ತರದ್ದು. ಎರಡು ಸಭೆಗಳಲ್ಲಿ ಅವನು ಕೇಳಿದ.

"ಮೇಡಂ, ಆ ವಿರಾಮದ್ದು ನಾನು ಮುಗಿಸಿಬಿಡ್ಲಾ?"

"ಬೇಡ ತರುಣ್. ಅದು ಮಾನಸೀದು. ಪರೀಕ್ಷೆ ಇರುತ್ತೆ, ಬರ್ತಾಳೆ."

"ರುಮಾಲು ಹಾಕಿದೋಳು ಸ್ಟೇಷನ್ನಲ್ಲೇ ಇಲ್ಲ ಮೇಡಂ. ಗಾಡಿ ಕಲ್ಯಾಣ ದಾಟ್ತಾ ಇದೆ."

ಎಲ್ಲರೂ ನಕ್ಕರು. ಅನಸೂಯಕ್ಕನೂ ನಕ್ಕು, ಕಾಯೋಣ ಎಂದರು.

ಮೇ ತಿಂಗಳಲ್ಲಿ ಅಂಬರನಾಥದ ಒಂದು ಧರ್ಮಾಸ್ಪತ್ರೆಯಿಂದ ಪತ್ರ ಬಂತು. ಕಣ್ಣು ತೋರಿಸಲು ಬಂದ ಮರಗಮ್ಮ ಎಂಬ ಮುದುಕಿ ಊಟದ ವಿರಾಮದಲ್ಲಿ ಚೀಟಿ ಪಡೆದಿದ್ದಳು. ಅಂದು ಬಾಗಿಲಿನವನು ಹೊಸಬ. ಪರದೆ ತೋರಿಸಿದವರನ್ನಷ್ಟೇ ಒಳಗೆ ಬಿಟ್ಟ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಬಂದಿದ್ದ ಮುದುಕಿ ಏನೂ ತಿನ್ನದೆ ಸಂಜೆಯವರೆಗೆ ಕೂತು, ಕೂತಲ್ಲಿಂದಲೇ ಉರುಳಿ, ಬೆಂಚಿನ ಅಂಚು ಹಣೆಗೆ ಬಡಿದು ಪ್ರಜ್ಞೆ ತಪ್ಪಿದ್ದಳು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಪತ್ರ ಬರೆದವರು ಒಂದು ಪ್ರಶ್ನೆ ಕೇಳಿದ್ದರು: ಈ ದೋಷ ನಿಮಗೆ ಮೊದಲೇ ಗೊತ್ತಿತ್ತೇ?

ತರುಣ್ ಅಂದೇ ಕೂತು ದೋಷ ಸರಿಪಡಿಸಿದ. ಅರ್ಧ ಗಂಟೆ ಹಿಡಿಯಿತು. ಆ ಸಿಟ್ಟಿನಲ್ಲೇ ಎಲ್ಲರೂ ಓದುವ ಕಡೆ ಬರೆದ: ಕೆಲಸ ಹಿಡಿದು ಮಲಗಿಬಿಟ್ಟ ಈ ಮಾನಸಿ ಯಾರು, ಇಂಥವರ ದೆಸೆಯಿಂದ ಒಬ್ಬ ಅಜ್ಜಿಯ ಪ್ರಾಣ ಹೋಗುವುದರಲ್ಲಿತ್ತು, ಇನ್ನು ಪರಿಚಯವಿಲ್ಲದ ಯಾರನ್ನೂ ಒಳಗೆ ಬಿಡಬಾರದು, ಮುಂದಿನ ಭಾನುವಾರವೇ ತೀರ್ಮಾನವಾಗಲಿ. ಕಾಯುವ ತೀರ್ಮಾನ ತನ್ನದು, ಆ ಹುಡುಗಿಯದಲ್ಲ ಎಂದು ಅನಸೂಯಕ್ಕ ಕೆಳಗೆ ಬರೆಯುವ ಹೊತ್ತಿಗೆ ಮಾನಸಿ ಗುಂಪಿನಿಂದ ತನ್ನ ಹೆಸರು ತೆಗೆದುಹಾಕಿದ್ದಳು. ಫೋನೂ ಎತ್ತಲಿಲ್ಲ. ಅವರು ವರ್ಷಗಳಿಂದ ತೆರೆದಿಟ್ಟಿದ್ದ ಬಾಗಿಲು ಮುಚ್ಚುವುದರಲ್ಲಿತ್ತು. ಮುಚ್ಚುವ ಮೊದಲೇ ಒಬ್ಬಳು ಹೊರಗೆ ಹೋಗಿಬಿಟ್ಟಿದ್ದಳು.

ಶನಿವಾರ ಅನಸೂಯಕ್ಕ ನನ್ನನ್ನು ಅಂಬರನಾಥಕ್ಕೆ ಕರೆದರು. ಮರಗಮ್ಮ ನಮ್ಮ ಸೀಮೆಯವಳೆಂದು ಆಸ್ಪತ್ರೆಯವರಿಂದ ತಿಳಿದಿತ್ತು. ಕಾರ್ಖಾನೆಗಳ ಹಿಂದಿನ ಸಾಲುಮನೆಗಳಲ್ಲಿ, ಗಾರೆ ಕೆಲಸದ ಮಗ ಸೊಸೆಯೊಂದಿಗೆ ಇದ್ದಳು. ಹಣೆಗೆ ಪಟ್ಟಿ. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು.

"ಯಾರವ್ವಾ ನೀವು? ದವಾಖಾನಿಯವ್ರೇನು? ನಾ ಏನ್ ತಪ್ಪ ಮಾಡೀನಿ?"

"ತಪ್ಪು ನಿಮ್ದಲ್ಲ ಅಜ್ಜಿ, ನಮ್ದು" ಎಂದರು ಅನಸೂಯಕ್ಕ. ಅವರ ಮೈಸೂರು ಕನ್ನಡ ಮುದುಕಿಗೆ ಹತ್ತಿದಂತೆ ಕಾಣಲಿಲ್ಲ. ನನ್ನ ಮುಖ ನೋಡಿದಳು.

"ಹೆದರಬ್ಯಾಡ ಆಯಿ. ಆ ದಿನ ಏನಾತು ಹೇಳು" ಎಂದೆ.

"ಏನಾಗ್ತದವ್ವಾ. ಚೀಟಿ ಕೊಟ್ರು. ಗ್ವಾಡಿ ಮ್ಯಾಲ ನಂಬರ ಬರ್ತದ, ಬಂದಾಗ ಒಳಗ ಹೋಗು ಅಂದ್ರು. ನನ್ನ ಹಿಂದ ಬಂದ ಮಂದೆಲ್ಲಾ ಹೋದ್ರು. ನಂದು ಬರ್ಲೇ ಇಲ್ಲ. ಏನರೆ ತಿನ್ನಾಕ ಹೊರಗ ಹೋದ್ರ ಆಗೇ ಬಂದೀತಂತ ಹೋಗ್ಲಿಲ್ಲ."

"ಎದ್ದು ಕೇಳಬಾರ್ದಿತ್ತೇನು?"

"ಹ್ಯಾಂಗ ಕೇಳ್ಲಿ? ಎಲ್ಲಾರಿಗೂ ತಿಳಿದದ್ದು ನನಗೊಬ್ಬಾಕಿಗೇ ತಿಳಿವಲ್ದು. ಕೇಳಿದ್ರ ಬೈತಾರ ಅಂತ ಸುಮ್ಮ ಕುಂತೆ."

ಸೊಸೆ ಬೆಲ್ಲದ ಚಹಾ ಕೊಟ್ಟಳು. ಕುಡಿದು ಬಂದೆವು. ಹಿಂದಿರುಗುವ ರೈಲು ಖಾಲಿ ಇತ್ತು, ಇಡೀ ಬೆಂಚಿಗೆ ನಾವಿಬ್ಬರೇ. ಅನಸೂಯಕ್ಕ ತುದಿಯಲ್ಲೇ ಕೂತಿದ್ದರು. ಉಲ್ಲಾಸನಗರ ದಾಟಿದ ಮೇಲೆ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆಯೇ ಕೇಳಿದರು.

"ಶರಣಮ್ಮ, ಮಾನಸೀನೂ ಹೀಗೇ ಕೂತಿರ್ತಾಳೆ, ಅಲ್ವಾ?"

ಕಲ್ಯಾಣದಲ್ಲಿ ನಾನು ಇಳಿಯಲಿಲ್ಲ. ಡೊಂಬಿವಲಿಯಲ್ಲಿ ಇಳಿದು ನೇರವಾಗಿ ಕಿಟ್ಟಣ್ಣನ ಹೋಟೆಲಿಗೆ ಹೋದೆವು. ಊಟದ ಗಲಾಟೆ ಮುಗಿದು ಚಹಾದ ಗಲಾಟೆ ಇನ್ನೂ ಶುರುವಾಗದ ಹೊತ್ತು. ಗಲ್ಲಾದಲ್ಲಿ ಕೂತಿದ್ದ ಕಿಟ್ಟಣ್ಣ ಹೆಸರು ಕೇಳುತ್ತಲೇ ಕನ್ನಡಕ ತೆಗೆದಿಟ್ಟರು.

"ಓಹೋ, ನೀವೇ ಆ ಅನಸೂಯ ಮೇಡಮ್ಮಾ? ಬನ್ನಿ, ಕೂತ್ಕೊಳ್ಳಿ. ಚಾ ಕುಡಿದು ಹೋಗಿ. ಮಗಳು ಮಾತ್ರ ಸಿಗುದಿಲ್ಲ."

"ಅವಳ ಹತ್ರ ಐದು ನಿಮಿಷ ಮಾತಾಡ್ಬೇಕಿತ್ತು."

"ಎಂತ ಮಾತಾಡುದು ಮಾರಾಯ್ರೆ? ಅವಳು ಮೂರು ದಿವಸದಿಂದ ಸರಿಯಾಗಿ ಊಟ ಮಾಡ್ಲಿಲ್ಲ. ಸಂಬಳ ಇಲ್ಲದ ಕೆಲಸ, ಬೈಗುಳ ಮಾತ್ರ ಪರ್ಮನೆಂಟ್. ಇದು ಯಾವ ಊರಿನ ಕಂಪನಿ ನಿಮ್ಮದು?"

ಅನಸೂಯಕ್ಕ ತಮ್ಮ ಪದ್ಧತಿಯನ್ನು ವಿವರಿಸಿದರು: ಹೊಸಬರು ಕಲಿಯಲಿ ಎಂದು ಸುಲಭದ ದೋಷಗಳನ್ನು ಹಾಗೇ ಬಿಡುತ್ತೇವೆ, ಅದು ಅವಳ ಪಾಲಿನದಾಗಿತ್ತು, ಕಾದದ್ದು ನನ್ನ ತಪ್ಪು. ಕಿಟ್ಟಣ್ಣ ಪೂರ್ತಿ ಕೇಳಿ, ನೆಲ ಒರೆಸುತ್ತಿದ್ದವನತ್ತ ಕೈ ತೋರಿಸಿದರು.

"ಇವ ಹೊಸಬ. ಇವನಿಗೆ ಒರೆಸ್ಲಿಕ್ಕೆ ಕಲೀಲಿ ಅಂತ ನಾನು ಇಡೀ ದಿವಸ ನೆಲದಲ್ಲಿ ನೀರು ಬಿಡುದಾ? ಜಾರಿ ಬೀಳುದು ಯಾರು ಹೇಳಿ, ಗಿರಾಕಿ. ಹೊಸ ಭಟ್ಟ ಬಂದ್ರೆ ಅವನಿಗೆ ನಾನು ಬೇರೆ ಹಿಟ್ಟು ಇಡ್ತೇನೆ. ಅವ ಮಾಡಿದ ದೋಸೆ ಹರೀಲಿ, ಕರಟೀಲಿ, ಗಿರಾಕಿಯ ಟೇಬಲಿಗೆ ಹೋಗುದಿಲ್ಲ. ನಾನೇ ತಿನ್ನುದು. ಈ ಹೊಟ್ಟೆ ಹಾಗೇ ಬಂದದ್ದು."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅನಸೂಯಕ್ಕ ನಗಲಿಲ್ಲ. "ನೀವು ಹೇಳೋದು ಸರಿ" ಎಂದರು, ಬಹಳ ಮೆಲ್ಲಗೆ. ಕಿಟ್ಟಣ್ಣ ಅವರನ್ನೇ ಒಂದು ಗಳಿಗೆ ನೋಡಿ, ಒಳಗಿನ ಬಾಗಿಲಿನ ಕಡೆ ಕೂಗಿದರು: "ಮಾನಸಿ, ಬಲಾ ಮಗಾ."

ಹುಡುಗಿ ಬಂದು ಅಪ್ಪನ ಹಿಂದೆ ನಿಂತಳು. ಅನಸೂಯಕ್ಕ ತಾವು ಕೂತ ಬೆಂಚಿನಲ್ಲಿ ಸರಿದರು. ಅವಳು ಕೂರಲಿಲ್ಲ.

"ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಪುಟ್ಟಾ. ಯಾವತ್ತಾದ್ರೂ ನಾನು ಬೈದಿದ್ದೀನಾ?"

"ಆಪ್‌ನೇ ಹೀ ಲಿಖಾ ಥಾ ಆಂಟಿ, ಛೋಟಾ ಕಾಮ್ ಹೈ." ಹುಡುಗಿ ನೆಲ ನೋಡುತ್ತ ಮುಂದುವರಿಸಿದಳು. "ಛೋಟಾ ಕಾಮ್ ಭೀ ನಹೀ ಆಯಾ, ತೋ ಕ್ಯಾ ಮೂಂಹ್ ಲೇಕೇ ಪೂಛ್‌ತೀ?"

ಸಣ್ಣ ಕೆಲಸವೆಂದು ಬರೆದವರು ನೀವೇ. ಸಣ್ಣದೂ ಬರಲಿಲ್ಲವೆಂದು ಯಾವ ಮುಖ ಹೊತ್ತು ಕೇಳಲಿ?

ಕಿಟ್ಟಣ್ಣ ತಂದಿರಿಸಿದ ಚಹಾ ಆರುತ್ತಿತ್ತು. ಅನಸೂಯಕ್ಕ ಸ್ವೆಟರಿನ ಮಡಚಿದ ತೋಳನ್ನು ಬಿಡಿಸಿದರು, ಮತ್ತೆ ಮಡಚಿದರು. ಅಷ್ಟು ವರ್ಷ ನಮ್ಮೆಲ್ಲರ ಭಯ ಇಳಿಸಲೆಂದು ಅವರು ಹಿಡಿದುಕೊಂಡಿದ್ದ ಆ ಒಂದು ಮಾತು ಎಷ್ಟು ಜನರ ಬಾಯಿ ಕಟ್ಟಿತ್ತೋ ಅವರಿಗೇನು ಗೊತ್ತು. ಉತ್ತರ ಬರೆಯದೆ ಕಾಣೆಯಾದವರನ್ನೆಲ್ಲ ಅವರು ಆಸಕ್ತಿ ಕಳೆದುಕೊಂಡವರೆಂದೇ ತಿಳಿದಿದ್ದರು. "ಅದು ಸಣ್ಣದಾಗಿರ್ಲಿಲ್ಲ ಮಾನಸಿ. ನನಗೆ ಅಭ್ಯಾಸ ಆಗಿತ್ತು, ಅಷ್ಟೆ" ಎಂದರು. ಭಾನುವಾರ ಬಾ ಎಂದು ಕರೆಯಲೂ ಇಲ್ಲ. ಆ ದಿನದ ಮೇಲೆ 'ಒಂದು ಸಣ್ಣ ವಿಷ್ಯ' ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿಲ್ಲ. ಕೆಲವೊಮ್ಮೆ ಅಭ್ಯಾಸಬಲದಿಂದ 'ಒಂದು' ಎಂದು ತೊಡಗಿ, ತಡೆದು, ಬರಿದಾದ ಆ ಜಾಗವನ್ನು ದಾಟಿ ಮುಂದಿನ ಮಾತಿಗೆ ಹೋಗುತ್ತಿದ್ದರು.

ಮರುದಿನದ ಸಭೆಗೆ ಮಾನಸಿ ಬರಲಿಲ್ಲ. ತರುಣ್ ತಯಾರಾಗಿ ಬಂದಿದ್ದ.

"ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಇದು ಅಂಗನವಾಡಿ ಅಲ್ಲ. ಆಸ್ಪತ್ರೇಲಿ ಕೆಲಸ ಮಾಡೋ ಸಾಮಾನು. ಗೊತ್ತಿರೋರು ಮಾತ್ರ ಮುಟ್ಲಿ."

"ಗೊತ್ತಿರೋರು ಎಲ್ಲಿಂದ ಬರ್ತಾರೆ ತರುಣ್? ನೀನೂ ಆ ಬಾಗಿಲಿಂದಾನೇ ಬಂದೆ."

"ನಾನು ರುಮಾಲು ಹಾಕಿ ಓಡಿಹೋಗ್ಲಿಲ್ಲ."

"ನಿಜ. ನೀನು ಧೈರ್ಯವಂತ, ಕೇಳ್ತಿದ್ದೆ, ಜಗಳ ಆಡ್ತಿದ್ದೆ. ಕೇಳದೇ ಇರೋರನ್ನ ನಾನು ನೋಡ್ಲೇ ಇಲ್ಲ." ಅವರು ಎದ್ದು ನಿಂತಿದ್ದರು. ಮರಗಮ್ಮ ಹೇಳಿದ್ದನ್ನು, ಮಾನಸಿ ಹೇಳಿದ್ದನ್ನು, ಒಂದಕ್ಕೊಂದು ತಾಗಿಸಿ ಹೇಳಿದರು. "ಬಾಗಿಲು ತೆಗೆದಿಟ್ಟಿದ್ದು ತಪ್ಪು ಅಂತ ಈಗಲೂ ಅನ್ಸಲ್ಲ. ತೆಗೆದಿಟ್ಟು, ಬಂದೋರು ತಾವೇ ದಾರಿ ಕೇಳ್ತಾರೆ ಅಂತ ನಾನು ಒಳಗೆ ಹೋಗಿಬಿಟ್ಟೆ. ಆ ತಪ್ಪಿಗೆ ನಾನು ಮುಖ್ಯಸ್ಥೆ ಸ್ಥಾನ ಬಿಡ್ತೀನಿ. ಬಾಗಿಲು ಮಾತ್ರ ಮುಚ್ಚಬೇಡಿ."

ತರುಣನಿಗೆ ಇಷ್ಟು ಬೇಕಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ವಾದ ಸಂಜೆಯವರೆಗೂ ನಡೆಯಿತು. ಕೊನೆಗೆ ಬಾಗಿಲು ಉಳಿಯಿತು, ಪದ್ಧತಿ ಬದಲಾಯಿತು. ರೋಗಿಯ ಸರದಿಗೆ ಸಂಬಂಧಿಸಿದ ಯಾವ ದೋಷವನ್ನೂ ಕಲಿಯುವವರಿಗೆಂದು ಬಿಡಬಾರದು, ಕಂಡ ದಿನವೇ ಹಳಬರು ಸರಿಪಡಿಸಬೇಕು. ಹೊಸಬರಿಗೆ ಪುಢಚಾದ್ದೇ ಇನ್ನೊಂದು ಪ್ರತಿ, ಯಾವ ಆಸ್ಪತ್ರೆಗೂ ಹೋಗದ ಪ್ರತಿ. ಅದಕ್ಕೆ ನಮ್ಮಲ್ಲಿ 'ಕಿಟ್ಟಣ್ಣನ ಹಿಟ್ಟು' ಎಂದೇ ಹೆಸರು ಬಿತ್ತು. ಮುಖ್ಯಸ್ಥನ ಸ್ಥಾನಕ್ಕೆ ತರುಣ್ ಬಂದ. ಅನಸೂಯಕ್ಕ ಅವನ ಕೈ ಕುಲುಕಿ, ಎಂದಿನ ಕೊನೆಯ ಬೆಂಚಿಗೆ ಹೋಗಿ, ಎಂದಿನಂತೆ ಅರ್ಧ ಜಾಗದಲ್ಲಿ ಕೂತರು. ಅಂದು ಮನೆಗೆ ಹೋಗುವಾಗ ಮಾತ್ರ ಅವರ ನಡಿಗೆಯಲ್ಲಿ ವೇಗವಿರಲಿಲ್ಲ. ಠಾಣೆಯ ಸೇತುವೆಯ ಮೇಲೆ ಹಿಂದಿನಿಂದ ಬಂದವರೆಲ್ಲ ಅವರನ್ನು ದಾಟಿ ಹೋಗುತ್ತಿದ್ದರು.

ಮಾನಸಿಗೆ ಅವರು ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ಕೆಲಸದ ಮಾತಿಲ್ಲ. ಪರೀಕ್ಷೆ ಹೇಗಾಯಿತು, ವಿರಾಮದ ಆ ಭಾಗ ಬರೆಯುವಾಗ ತಾವೇ ಎಲ್ಲೆಲ್ಲಿ ಎಡವಿದ್ದರು, ಇಷ್ಟೇ. ಉತ್ತರ ಬರುತ್ತಿರಲಿಲ್ಲ. ಹಿಂದೊಮ್ಮೆ ಸೈಬರ್ ಕೆಫೆಯಲ್ಲಿ ಅವರು ಕಾದಂತೆಯೇ ಈಗಲೂ ಕಾದರು. ವ್ಯತ್ಯಾಸವೆಂದರೆ ಈ ಸಲ ಕಾಯುತ್ತಲೇ ಮುಂದಿನ ಪತ್ರವನ್ನೂ ಬರೆದರು.

ಮಳೆಗಾಲದ ಒಂದು ಭಾನುವಾರ ಸಭೆ ಅರ್ಧವಾಗಿದ್ದಾಗ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ಮಾನಸಿ ನಿಂತಿದ್ದಳು. ನಾನು ನಿಂತಿದ್ದ ಅದೇ ಹೊಸ್ತಿಲು. ಬೆಂಚುಗಳು ತುಂಬಿದ್ದವು. ನಾವೆಲ್ಲ ಅಭ್ಯಾಸದಂತೆ ಅನಸೂಯಕ್ಕನ ಕಡೆ ನೋಡಿದೆವು. ಅವರು ಸರಿಯಲಿಲ್ಲ. ಅವರ ಪಕ್ಕದ ಆ ಗೇಣು ಜಾಗ ಖಾಲಿ ಇತ್ತು, ಆದರೂ ಕರೆಯಲಿಲ್ಲ. ತರುಣನನ್ನು ನೋಡುತ್ತ ಕೂತರು. ತರುಣ್ ಕತ್ತು ಬಗ್ಗಿಸಿ ಏನನ್ನೋ ಓದುತ್ತಿದ್ದವನು ತಲೆ ಎತ್ತಿದ, ಹುಡುಗಿಯನ್ನು ಕಂಡ, ಪಕ್ಕದಲ್ಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಬಾ, ಕೂತ್ಕೋ. ಅವತ್ತು ಬರೆದಿದ್ದಕ್ಕೆ ಸಾರಿ. ಕೋಡ್ ಚೆನ್ನಾಗಿಲ್ದಿದ್ರೆ ಮತ್ತೆ ಬೈತೀನಿ, ಅದು ಬೇರೆ."

"ಬೈದ್ರೆ ಪಪ್ಪಾ ಬಿಲ್ ಭೇಜೇಂಗೇ" ಎಂದಳು ಮಾನಸಿ. ಅರ್ಧ ಕನ್ನಡ, ಅರ್ಧ ಹಿಂದಿ: ಬೈದರೆ ಅಪ್ಪ ಬಿಲ್ಲು ಕಳಿಸುತ್ತಾರಂತೆ. ಎಲ್ಲರೂ ನಕ್ಕ ಸದ್ದಿನಲ್ಲಿ ಅವಳು ಕೂತದ್ದು ಯಾರಿಗೂ ಕೇಳಿಸಲಿಲ್ಲ. ಅನಸೂಯಕ್ಕ ಕಿಟಕಿಯಾಚೆ ಮಳೆ ನೋಡುತ್ತಿದ್ದರು.

ತಂತ್ರಾಂಶದ ಚರಿತ್ರೆಯಲ್ಲಿ ಯಾವ ಸಾಲನ್ನು ಯಾರು ಬರೆದರು, ಯಾವ ದೋಷವನ್ನು ಯಾರು ತಿದ್ದಿದರು ಎಂಬುದೆಲ್ಲ ಅಳಿಯದೆ ಉಳಿಯುತ್ತದೆ. ತಾನೇ ತಿದ್ದಬಹುದಾಗಿದ್ದನ್ನು ತಿದ್ದದೆ ಇನ್ನೊಬ್ಬರಿಗಾಗಿ ಕೈ ಕಟ್ಟಿ ಕೂತವರ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಪುಢಚಾವನ್ನು ಇಂದು ತೆರೆದು ನೋಡಿದರೆ ನನ್ನ ಹೆಸರಿದೆ, ತರುಣನದಿದೆ, ಪುಟಪುಟಕ್ಕೂ ಮಾನಸಿಯದಿದೆ, ಅನಸೂಯಕ್ಕನದನ್ನು ಹುಡುಕಬೇಕು. ಸರಿದು ಕೂರುವವರ ಜಾತಿಯೇ ಹಾಗೆ. ಅವರು ಕೊಟ್ಟ ಜಾಗದಲ್ಲಿ ಕೂತವರು ಕಾಣುತ್ತಾರೆ, ಕೊಟ್ಟವರು ಬೆಂಚಿನ ತುದಿಯಲ್ಲಿ ಕಾಣದಾಗುತ್ತಾರೆ. ಇಂಥವರು ಇಲ್ಲದ ಊರಿಗೆ ಹೊಸಬರು ಬರುವುದು ನಿಂತುಹೋಗುತ್ತದೆ. ಆದರೆ ಸರಿದು ಜಾಗ ಕೊಟ್ಟಲ್ಲಿಗೆ ಅವರ ಕೆಲಸ ಮುಗಿಯುವುದಿಲ್ಲ, ಪಕ್ಕದಲ್ಲಿ ಕೂತವರು ಇಳಿಯುವ ಸ್ಟೇಷನ್ ಯಾವುದೆಂದು ಕೇಳುವುದೂ ಅವರ ಪಾಲಿಗೇ ಬಿದ್ದ ಕೆಲಸ ಎಂಬುದನ್ನು ಅನಸೂಯಕ್ಕ ತಮ್ಮ ಸ್ಥಾನ ತೆತ್ತು ಕಲಿತರು. ಬೇಗ ಮುನಿಯುವವರಿಗೆ ತಮ್ಮ ತಪ್ಪು ಬೇಗ ಕಾಣುತ್ತದೆ. ದಯಾವಂತರಿಗೆ ತಡವಾಗಿ ಕಾಣುತ್ತದೆ, ಯಾಕೆಂದರೆ ಅದನ್ನು ಅವರಿಗೆ ಹೇಳುವ ಮನಸ್ಸು ಯಾರಿಗೂ ಬರುವುದಿಲ್ಲ.

ಮರಗಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ ಆ ವರ್ಷವೇ ಆಯಿತು. ಪುಢಚಾದ ಹೊಣೆ ಈಗ ಮಾನಸಿಯದು. ಅನಸೂಯಕ್ಕ ಐರೋಲಿಯ ಅದೇ ಕಂಪನಿಯಲ್ಲಿ ಇದ್ದಾರೆ, ಡೊಂಬಿವಲಿಯಿಂದಲೇ ಓಡಾಡುತ್ತಾರೆ. ಶನಿವಾರ ಮಧ್ಯಾಹ್ನ ಊಟದ ವಿರಾಮದ ಹೊತ್ತಿಗೆ ಅಂಬರನಾಥದ ಆ ಆಸ್ಪತ್ರೆಯಲ್ಲಿ ಚೀಟಿಯ ಮೇಜಿನ ಬಳಿ ಕೂರುತ್ತಾರೆ. ಹೊಸದಾಗಿ ಬಂದವರ ಮೊದಲ ಪತ್ರಕ್ಕೆ ಉತ್ತರ ಬರೆಯುತ್ತಾರೆ, ಸುಮ್ಮನಾದವರಿಗೆ ತಾವೇ ಎರಡನೆಯ ಪತ್ರ ಬರೆಯುತ್ತಾರೆ.